ಹಳೆ ಕ್ಯಾಂಪರ್‌ಗೆ ಐದು ಕಬ್ಬಿಣದ ರಿಮ್: ಹಾಸನದ ಡಿಸ್ಕ್ ಅಂಗಡಿಯ ಬಗ್ಗೆ

ನಮ್ಮದು 2010ರ ಬೊಲೆರೊ ಕ್ಯಾಂಪರ್, ಮುಂದೆ ಎರಡು ಸಾಲು ಸೀಟು, ಹಿಂದೆ ಲೋಡ್ ಹಾಕುವ ಜಾಗ ಇರುವ ಪಿಕಪ್. ಕೆಎ-18, ಹಳದಿ ಬೋರ್ಡು. ಆಲ್ದೂರಿನಿಂದ ಒಳಗೆ ಹೋದರೆ ನಮ್ಮ ತೋಟ, ಕೊನೆಯ ಎರಡು ಕಿಲೋಮೀಟರ್ ಟಾರು ಕಾಣದ ದಾರಿ. ಗೊಬ್ಬರ ಬರುವುದು ಇದೇ ಗಾಡಿಯಲ್ಲಿ, ಕಾಫಿ ಮೂಟೆ ಕ್ಯೂರಿಂಗ್‌ಗೆ ಹೋಗುವುದು ಇದರಲ್ಲೇ, ಅಮ್ಮನಿಗೆ ಹುಷಾರಿಲ್ಲ ಅಂದರೆ ಆಸ್ಪತ್ರೆಗೆ ಹೊರಡುವುದೂ ಇದರಲ್ಲೇ. ಎಂಜಿನ್ ಇವತ್ತಿಗೂ ಗಟ್ಟಿಯಾಗಿದೆ. ಸೋತಿದ್ದು ರಿಮ್. ಐದನ್ನೂ ಬದಲಾಯಿಸಿ ಏಳು ತಿಂಗಳಾಯಿತು, ನಡುವೆ ಒಂದು ಕೊಯ್ಲು ಪೂರ್ತಿ ಮುಗಿದಿದೆ, ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಹಳೆ ಪಿಕಪ್ ಇಟ್ಟುಕೊಂಡವರು ನಮ್ಮ ಕಡೆ ತುಂಬಾ ಜನ ಇದ್ದಾರೆ, ಅವರಿಗೆ ಉಪಯೋಗವಾಗಲಿ.

ಶುರುವಾಗಿದ್ದು ಗಾಳಿಯಿಂದ. ಆಗಸ್ಟ್ ಮಳೆಯಲ್ಲಿ ಹಿಂದಿನ ಎಡ ಚಕ್ರ ಎರಡು ದಿನಕ್ಕೊಮ್ಮೆ ಕೂತುಬಿಡುತ್ತಿತ್ತು. ಪಂಚರ್ ಅಂಗಡಿಯ ಹುಡುಗ ಚಕ್ರವನ್ನು ನೀರಿನ ತೊಟ್ಟಿಗೆ ಹಾಕಿ ತಿರುಗಿಸಿದ. ಮೊಳೆ ಇಲ್ಲ, ವಾಲ್ವ್ ಸರಿ ಇದೆ. ಆಮೇಲೆ ಸೋಪಿನ ನೀರು ಮಾಡಿ ರಿಮ್ಮಿನ ಅಂಚಿಗೆ ಸುರಿದ. ಟೈರು ರಿಮ್ಮನ್ನು ಕಚ್ಚಿಕೊಳ್ಳುವ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಟೈರ್ ಬಿಚ್ಚಿದರೆ ಒಳಗೆ ತುಕ್ಕು ಪದರ ಪದರವಾಗಿ ಎದ್ದಿದೆ, ಉಗುರಿನಲ್ಲಿ ಕೆರೆದರೂ ಚಕ್ಕೆ ಬರುತ್ತಿತ್ತು. ವರ್ಷ ವರ್ಷ ಪೊಟ್ಯಾಷ್ ಹೊತ್ತ ಗಾಡಿ. ಪೊಟ್ಯಾಷ್ ಅಂದರೆ ಉಪ್ಪಿನ ಜಾತಿಯೇ ಅಲ್ವಾ, ಅದರ ಪುಡಿ ಮಳೆ ನೀರಿನ ಜೊತೆ ರಿಮ್ಮಿಗೆ ಇಳಿದರೆ ಕಬ್ಬಿಣ ಎಷ್ಟು ದಿನ ತಡೆದೀತು. ಅನುಮಾನಕ್ಕೆ ಉಳಿದ ಚಕ್ರಗಳನ್ನೂ ಬಿಚ್ಚಿಸಿದೆ. ಒಂದರಲ್ಲಿ ಬೋಲ್ಟ್ ತೂತಿನ ಪಕ್ಕದಿಂದ ಕೂದಲೆಳೆಯಂಥ ಬಿರುಕು ಹೊರಟಿತ್ತು. "ಅಣ್ಣಾ, ಇದನ್ನ ವೆಲ್ಡಿಂಗ್ ಮಾಡಿಸೋಕೆ ಹೋಗ್ಬೇಡಿ" ಅಂದ ಹುಡುಗ. ಆ ಮಾತು ಸರಿ. ಇಡೀ ಭಾರ ಹೊರುವ ಜಾಗ ಅದು, ಅಲ್ಲಿ ವೆಲ್ಡಿಂಗ್ ಹೊಡೆದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತದೆ.

ಮೊದಲು ತಪ್ಪು ಅಂಗಡಿಗೆ ಹೋದೆ. ಚಿಕ್ಕಮಗಳೂರಿನಲ್ಲಿ ಒಂದು ಕಡೆ, ಹೆಸರು ಬೇಡ, ಸೆಕೆಂಡ್ ಹ್ಯಾಂಡ್ ರಿಮ್ ಎರಡು ತಂದೆ. "ಐದು ತೂತು, ಹದಿನೈದು ಇಂಚು, ಕಣ್ಣು ಮುಚ್ಚಿ ಹಾಕಿ ಸಾರ್" ಅಂದರು. ಬೆಳ್ಳಿ ಬಣ್ಣ ಹೊಸದಾಗಿ ಹೊಡೆದು ಹೊಳೆಯುತ್ತಿತ್ತು. ಹಾಕಿದ ನಾಲ್ಕನೇ ದಿನ, ಹಿಂದೆ ಹದಿನೈದು ಮೂಟೆ ಗೊಬ್ಬರ, ತಿರುವಿನಲ್ಲಿ ಟಕ್ ಟಕ್ ಅಂತ ಸದ್ದು. ಇಳಿದು ನೋಡಿದರೆ ಎರಡು ನಟ್ ಬರೀ ಕೈಯಲ್ಲೇ ತಿರುಗುತ್ತಿದ್ದವು. ಮೈ ತಣ್ಣಗಾಯಿತು, ಯಾಕೆಂದರೆ ಕ್ಯಾಬಿನ್ನಿನ ಹಿಂದಿನ ಸೀಟಿನಲ್ಲಿ ಇಬ್ಬರು ಕೂತಿದ್ದರು. ಅಲ್ಲೇ ಬಿಗಿ ಮಾಡಿ, ನಿಧಾನಕ್ಕೆ ಮನೆಗೆ ತಂದು ಬಿಚ್ಚಿದೆ. ನಟ್ ಕೂರುವ ಜಾಗದಲ್ಲೂ ದಪ್ಪಗೆ ಬಣ್ಣ ಹೊಡೆದಿದ್ದಾರೆ, ಅದು ಭಾರಕ್ಕೆ ಅರೆದು ಪುಡಿಯಾಗಿ ನಟ್ ಸಡಿಲ ಬಿದ್ದಿದೆ. ಆ ಬಣ್ಣ ಕೆರೆದರೆ ಕೆಳಗೆ ತೂತು ದುಂಡಗೇ ಇಲ್ಲ, ಮೊಟ್ಟೆಯಂತೆ ಉದ್ದಕ್ಕೆ ಎಳೆದುಕೊಂಡಿದೆ. ಅಂದರೆ ಹಿಂದಿನ ಮಾಲೀಕರ ಗಾಡಿಯಲ್ಲೂ ಅದು ಸಡಿಲವಾಗಿ ಓಡಿದ ರಿಮ್ಮೇ. ವಾಪಸ್ ಕೊಡಲು ಹೋದೆ, ಹಣ ಕೊಡಲಿಲ್ಲ.

ಹಾಸನದ ಅಂಗಡಿ ಗೊತ್ತಾಗಿದ್ದು ಬೇಲೂರಿನ ಒಬ್ಬ ಡ್ರೈವರ್‌ನಿಂದ. ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ಹಾಸನಕ್ಕೆ ಅರವತ್ತು ಕಿಲೋಮೀಟರ್ ಚಿಲ್ಲರೆ, ಒಂದು ರಿಮ್ಮಿಗಾಗಿ ಅಷ್ಟು ದೂರನಾ ಅಂತ ಮನೆಯಲ್ಲಿ ಕೇಳಿದರು. ಬಿ.ಎಂ. ರಸ್ತೆಯಿಂದ ಒಂದು ಅಡ್ಡದಾರಿ ಒಳಗೆ ಇದೆ. ಬೋರ್ಡಿನ ಬಣ್ಣ ಪೂರ್ತಿ ಹೋಗಿದೆ, ಹೆಸರು ಓದೋಕೆ ಆಗಲ್ಲ, ಸುತ್ತಮುತ್ತ "ಡಿಸ್ಕ್ ಅಂಗಡಿ" ಅಂದರೆ ತೋರಿಸುತ್ತಾರೆ, ಡಿಸ್ಕ್ ಅಂದರೆ ರಿಮ್ಮೇ. ಒಳಗೆ ಗೋಡೆಗೆ ಒರಗಿಸಿ ರಿಮ್ಮುಗಳು, ಲಾರಿದು ಬೇರೆ, ಟ್ರ್ಯಾಕ್ಟರ್‌ದು ಬೇರೆ, ಜೀಪು ಪಿಕಪ್‌ದು ಬೇರೆ ಸಾಲು. ಪ್ರತಿ ಸಾಲಿನ ಮೇಲೆ ಸೀಮೆಸುಣ್ಣದಲ್ಲಿ ಅಳತೆ.

ಯಜಮಾನರಿಗೆ ಅರವತ್ತೈದರ ಮೇಲೆ. ನಾನು "ಬೊಲೆರೊ ಕ್ಯಾಂಪರ್‌ಗೆ ರಿಮ್ ಬೇಕಿತ್ತು" ಅಂದರೆ ಅವರು ತೂತು ಎಷ್ಟು ಅಂತ ಕೇಳಲಿಲ್ಲ, ಸೈಜ್ ಕೇಳಲಿಲ್ಲ. "ಎಷ್ಟು ಮೂಟೆ ಹಾಕ್ತೀರಿ ಗೌಡ್ರೆ?" ಅಂತ ಕೇಳಿದರು. ಹದಿನೈದು ಅಂದೆ. ಐವತ್ತು ಕೆಜಿ ಮೂಟೆ, ಹದಿನೈದಕ್ಕೆ 750 ಕೆಜಿ. "ಜನ?" ಡ್ರೈವರ್ ಸೇರಿ ನಾಲ್ಕೈದು ಅಂದೆ. ಆರ್‌ಸಿ ಕೇಳಿ ಒಟ್ಟು ತೂಕ ಎಷ್ಟು ಬರೆದಿದ್ದಾರೆ ಅಂತ ಓದಿದರು. ಆಮೇಲೆ ಎದ್ದರು. ಈ ಅಂಗಡಿಗೆ ನಾನು ಪೂರ್ತಿ ಮಾರ್ಕು ಕೊಡುವುದು ಈ ಮೊದಲ ಪ್ರಶ್ನೆಗೇ. ಅದಕ್ಕೆ ಮುಂಚೆ ಕೇಳಿದ ನಾಲ್ಕು ಅಂಗಡಿಯಲ್ಲಿ ಒಬ್ಬರೂ ಭಾರದ ಮಾತೇ ಎತ್ತಿರಲಿಲ್ಲ.

ನನ್ನ ಹಳೆ ರಿಮ್ ಒಂದನ್ನು ಜೊತೆಗೆ ಒಯ್ದಿದ್ದೆ. ನೀವೂ ಒಯ್ಯಿರಿ, ಬಾಯಲ್ಲಿ ಹೇಳಿದ ಅಳತೆ ನಂಬಬೇಡಿ. ಅವರು ಸ್ಟೀಲ್ ಸ್ಕೇಲ್ ತೆಗೆದು ಪಕ್ಕಪಕ್ಕದ ಎರಡು ತೂತಿನ ನಡುವಿನ ದೂರ ಅಳೆದರು. ಒಂದು ತೂತಿನ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಹಿಡಿದರೆ ನಡುವಿನಿಂದ ನಡುವಿಗೆ ಅಳೆದ ಹಾಗೇ. 82 ಮಿಲಿಮೀಟರ್ ಬಂತು. ಐದು ತೂತಿನ ರಿಮ್ಮಿಗೆ ಈ ಸಂಖ್ಯೆಯನ್ನು 0.588ರಿಂದ ಭಾಗಿಸಿದರೆ ಪಿಸಿಡಿ, ಅಂದರೆ ಐದೂ ತೂತಿನ ನಡುವಿಗೆ ತಾಗುವ ವೃತ್ತದ ಅಡ್ಡಳತೆ ಸಿಗುತ್ತದೆ. ಸುಮಾರು 139.7. ಹಳೆ ಲೆಕ್ಕದಲ್ಲಿ ಐದೂವರೆ ಇಂಚು. ವಿಲ್ಲಿಸ್ ಜೀಪಿನ ಕಾಲದಿಂದ ಬಂದ ಅಳತೆ ಇದು, ನಮ್ಮ ಅಜ್ಜನ ಕಾಲದ ತೋಟದ ಜೀಪಿನದೂ ಇದೇ. ಇನೋವಾ ರಿಮ್ಮಿಗೂ ಐದು ತೂತು, ಆದರೆ ಅದು 114.3, ಪಕ್ಕದ ತೂತಿಗೆ 67 ಮಿಲಿಮೀಟರ್ ಮಾತ್ರ. ಫಾರ್ಚೂನರ್, ಇಸುಜು ವಿ-ಕ್ರಾಸ್ 139.7 ಹೌದು, ಆದರೆ ಆರು ತೂತು. ಅದಕ್ಕೇ ಬರೀ "ಐದು ತೂತು" ಅಥವಾ ಬರೀ "139" ಅಂತ ಹೇಳಿ ಫೋನಿನಲ್ಲಿ ಆರ್ಡರ್ ಕೊಡಬಾರದು, ಎರಡೂ ಒಟ್ಟಿಗೆ ಹೇಳಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮಾರುತಿ ಜಿಪ್ಸಿಯ ರಿಮ್ ಕೂಡ ಐದು ತೂತು, 139.7. ನಡುವಿನ ತೂತು 108 ಮಿಲಿಮೀಟರ್, ಚೆನ್ನಾಗಿಯೇ ಅಗಲ ಇದೆ. ನಮ್ಮ ಊರಿನಲ್ಲೇ ಒಬ್ಬರು ಜಿಪ್ಸಿ ರಿಮ್ ಸೆಟ್ ಕಡಿಮೆಗೆ ಕೊಡುತ್ತೇನೆ ಅಂದಿದ್ದರು, ನಾನೂ ಮನಸ್ಸು ಮಾಡಿದ್ದೆ. ಯಜಮಾನರಿಗೆ ಹೇಳಿದರೆ ತಲೆ ಆಡಿಸಿಬಿಟ್ಟರು. "ಜಿಪ್ಸಿ ಖಾಲಿ ತೂಕ ಒಂದು ಟನ್ನು. ಅದರ ರಿಮ್ ಮಾಡಿರೋದು ಅದರ ಭಾರಕ್ಕೆ. ನಿಮ್ದು ಮೂಟೆ ಹೊರೋ ಗಾಡಿ. ತೂತು ಕೂತ್ರೆ ಕೂತ್ಕೊಳ್ಳುತ್ತೆ, ಹೊರಬೇಕಲ್ವಾ?" ನಾನು ಮೂರು ತಿಂಗಳು ಒದ್ದಾಡಿದ್ದು ಈ ಒಂದು ವಿಷಯ ತಿಳಿಯದೆ. ಬೋಲ್ಟಿಗೆ ಕೂರುವುದೇ ಬೇರೆ, ಗಾಡಿಗೆ ಆಗುವುದೇ ಬೇರೆ. ಕೆಲವು ರಿಮ್ಮಿನ ಒಳಮೈಯಲ್ಲಿ ತಯಾರಕರ ಗುರುತು, ಅಳತೆ, ಹೊರುವ ಭಾರ ಅಚ್ಚೊತ್ತಿರುತ್ತದೆ. ಅದು ಬಣ್ಣದಲ್ಲಿ ಮುಚ್ಚಿದ್ದರೆ ಕೆರೆದು ಓದಿ. ಅಂಗಡಿಯವರು ಕೆರೆಯಲು ಬಿಡದಿದ್ದರೆ ಬಿಟ್ಟು ಬನ್ನಿ.

ಟೈರಿನ ಲೆಕ್ಕವೂ ಹಾಗೇ. ನಮ್ಮದು 215/75 ಆರ್15. ಅದೇ ಸೈಜ್ ಕಾರಿನ ಟೈರಿನಲ್ಲೂ ಬರುತ್ತದೆ, ಲೋಡ್ ಗಾಡಿಯ ಟೈರಿನಲ್ಲೂ ಬರುತ್ತದೆ, ಪಕ್ಕಪಕ್ಕ ಇಟ್ಟರೆ ಒಂದೇ ಎತ್ತರ. ವ್ಯತ್ಯಾಸ ಸೈಜ್ ಪಕ್ಕದ ಸಣ್ಣ ಸಂಖ್ಯೆಯಲ್ಲಿ ಇರುತ್ತದೆ. 100 ಅಂತಿದ್ದರೆ ಒಂದು ಟೈರು ಹೊರುವುದು 800 ಕೆಜಿ, 104 ಇದ್ದರೆ 900, 108 ಇದ್ದರೆ 1,000, 112 ಇದ್ದರೆ 1,120. ಮೂಟೆ ಹೇರಿದಾಗ ಭಾರದ ದೊಡ್ಡ ಪಾಲು ಹಿಂದಿನ ಎರಡು ಚಕ್ರದ ಮೇಲೆ ಕೂರುತ್ತದೆ, ಗಾಡಿಯ ಸ್ವಂತ ತೂಕವೂ ಜೊತೆಗೆ ಇರುತ್ತದೆ. ಹಾಗಾಗಿ 100ರ ಟೈರ್ ತಂದು ಮುನ್ನೂರು ನಾನ್ನೂರು ರೂಪಾಯಿ ಉಳಿಸಿದೆ ಅಂತ ಖುಷಿ ಪಡಬೇಡಿ.

ಮುಂದಿನದು ಆಫ್‌ಸೆಟ್, ಅಂದರೆ ಗಾಡಿಯ ಹಬ್ಬಿಗೆ (ಚಕ್ರ ಬೋಲ್ಟ್ ಆಗುವ ಭಾಗ) ಕೂರುವ ಮುಖ ರಿಮ್ಮಿನ ಅಗಲದ ನಡುವಿನಿಂದ ಎಷ್ಟು ಸರಿದಿದೆ ಅನ್ನುವುದು. ಇದು ಕಣ್ಣಿಗೆ ಕಾಣುವುದಿಲ್ಲ, ಕಾಣುವ ಹೊತ್ತಿಗೆ ಬೇರಿಂಗ್ ಹೋಗಿರುತ್ತದೆ. ಯಜಮಾನರು ನನ್ನ ರಿಮ್ಮನ್ನು ಮುಖ ಕೆಳಗೆ ಮಾಡಿ ನೆಲದ ಮೇಲೆ ಮಲಗಿಸಿದರು. ಹಿಂಬದಿಯ ಅಂಚಿನ ಮೇಲೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಟ್ಟು, ಪಟ್ಟಿಯಿಂದ ಹಬ್ಬಿಗೆ ಕೂರುವ ಮುಖದ ತನಕ ಆಳ ಅಳೆದರು. ಆಮೇಲೆ ಹೊಸ ರಿಮ್ಮಿಗೂ ಹಾಗೇ ಮಾಡಿದರು. ಎರಡೂ ಒಂದೇ ಬರಬೇಕು, ಅಷ್ಟೇ. ಲೆಕ್ಕ ಬೇಕಾದವರಿಗೆ ಹೇಳುತ್ತೇನೆ: 6ಜೆ ಅಂದರೆ ಟೈರು ಕೂರುವ ಜಾಗ ಆರು ಇಂಚು ಅಗಲ, ಅಂಚು ಸೇರಿಸಿದರೆ ಸುಮಾರು ಏಳು ಇಂಚು, 178 ಮಿಲಿಮೀಟರ್. ಅದರ ಅರ್ಧ 89. ಆಳ 110 ಬಂತು ಅಂತ ಇಟ್ಟುಕೊಳ್ಳಿ, 110ರಲ್ಲಿ 89 ಕಳೆದರೆ 21. ಅಂಥ ರಿಮ್ಮಿನ ಮೇಲೆ "ಇಟಿ" ಅಕ್ಷರದ ಪಕ್ಕ ಬರೆಯುವ ಸಂಖ್ಯೆ ಅದೇ. ಆ ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಚಾಚುತ್ತದೆ, ಜಾಸ್ತಿಯಾದರೆ ಒಳಗೆ ಸರಿದು ಸ್ಪ್ರಿಂಗ್ ಪಟ್ಟಾಗೋ ಸ್ಟೀರಿಂಗ್ ರಾಡಿಗೋ ಉಜ್ಜುತ್ತದೆ.

ಹೊರಗೆ ಚಾಚಿದರೆ ನೋಡಲು ಗಾಡಿ ಅಗಲವಾಗಿ ಗಟ್ಟಿ ಕಾಣುತ್ತದೆ, ಹುಡುಗರಿಗೆ ಇಷ್ಟ. ಕೊಟ್ಟಿಗೆಹಾರದ ಕಡೆ ನಮ್ಮ ಸಂಬಂಧಿಕರ ಹುಡುಗ ಹಾಗೇ ಅಗಲ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ರಿಮ್) ಹಾಕಿ, ಸಾಲದು ಅಂತ ಚಕ್ರವನ್ನು ಇನ್ನೂ ಹೊರಗೆ ತಳ್ಳುವ ಸ್ಪೇಸರ್ ಬಿಲ್ಲೆ ಬೇರೆ ಇಟ್ಟ. ಒಂದೇ ವರ್ಷದಲ್ಲಿ ಮುಂದಿನ ಬೇರಿಂಗ್ ಎರಡು ಸಲ ಹೋಯಿತು. ಸ್ಟೀರಿಂಗ್ ಭಾರ, ಹೊಂಡಕ್ಕೆ ಇಳಿದರೆ ಕೈ ಕಿತ್ತುಕೊಂಡು ಹೋಗುವಷ್ಟು ಎಳೆತ. ಚಕ್ರ ಮಡ್‌ಗಾರ್ಡ್ ದಾಟಿ ಹೊರಗಿದ್ದರೆ ಕೆಸರೆಲ್ಲ ಬಾಗಿಲಿಗೆ, ಹಿಂದೆ ಬರುವ ಬೈಕಿನವನ ಮೇಲೂ. ಹೊರಗೆ ಚಾಚಿದ ಒಂದೊಂದು ಮಿಲಿಮೀಟರೂ ಬೇರಿಂಗ್ ಮೇಲೆ ಮೀಟುಗೋಲು ಹಾಕಿದ ಹಾಗೆ. ಚಾರ್ಮಾಡಿಯ ತಿರುವಿನಲ್ಲಿ ಲೋಡ್ ಇಟ್ಟುಕೊಂಡು ಇಳಿಯುವವರಿಗೆ ಅದು ಬೇಡವೇ ಬೇಡ.

ಅಲಾಯ್ ಕೇಳಲೇ ಇಲ್ಲವಾ ಅಂದರೆ, ಕೇಳಿದೆ. ಬೇರೆ ಕಡೆ ನಾಲ್ಕಕ್ಕೆ 30,000 ರೂಪಾಯಿ ಹತ್ತಿರ ಹೇಳಿದ್ದರು. ಅಲಾಯ್ ಕೆಟ್ಟದ್ದಲ್ಲ, ನಮ್ಮ ಮನೆಯ ಕಾರಿನಲ್ಲಿ ಅದೇ ಇದೆ, ನಮ್ಮ ಮಳೆಗೆ ಕಬ್ಬಿಣದಂತೆ ತುಕ್ಕು ಹಿಡಿಯಲ್ಲ, ಅದು ದೊಡ್ಡ ಲಾಭ. ಆದರೆ ಲೋಡ್ ಗಾಡಿಗೆ ಹಾಕುವುದಾದರೆ ಅದರ ಮೇಲೆ ಜೆಡಬ್ಲ್ಯುಎಲ್-ಟಿ ಗುರುತು ಇದೆಯಾ ನೋಡಬೇಕು. ಬರೀ ಜೆಡಬ್ಲ್ಯುಎಲ್ ಅಂದರೆ ಕಾರಿಗೆ, ಕೊನೆಯಲ್ಲಿ ಟಿ ಇದ್ದರೆ ಟ್ರಕ್ಕು ಬಸ್ಸಿಗೆ, ಜಪಾನಿನ ಪರೀಕ್ಷೆ ಅದು. ನನಗೆ ತೋರಿಸಿದ ಸೆಟ್ಟಿನಲ್ಲಿ ಟಿ ಇರಲಿಲ್ಲ. ಇನ್ನೊಂದು, ಕಬ್ಬಿಣದ ರಿಮ್ ಹೊಂಡಕ್ಕೆ ಬಿದ್ದರೆ ಬಗ್ಗುತ್ತದೆ, ಅಂಚು ಬಗ್ಗಿದರೆ ಆಲ್ದೂರಿನಲ್ಲೇ ಸುತ್ತಿಗೆಯಲ್ಲಿ ಬಡಿದು ಮನೆ ಸೇರುವ ಹಾಗೆ ಮಾಡಿಕೊಡುತ್ತಾರೆ. ಅಲಾಯ್ ಸೀಳಿದರೆ ರಾತ್ರಿ ಎಂಟು ಗಂಟೆಗೆ ಕಾಡಿನ ನಡುವೆ ಏನು ಮಾಡುವುದು? ನಟ್ ಕೂಡ ಬದಲಾಗಬೇಕು. ಕೆಲವು ರಿಮ್ಮಿಗೆ ಓರೆ ಮುಖದ ನಟ್ಟು, ಕೆಲವಕ್ಕೆ ಗುಂಡು ಮುಖ, ಕೆಲವಕ್ಕೆ ಚಪ್ಪಟೆ ವಾಷರ್. ತಪ್ಪು ನಟ್ ಹಾಕಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಆದರೆ ತಾಗಿರುವುದು ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ. ಹಳೇ ಜೀಪು ಇರುವವರಿಗೆ ಇನ್ನೊಂದು ಎಚ್ಚರಿಕೆ: ಕೆಲವದರಲ್ಲಿ ಎಡಗಡೆ ಚಕ್ರಕ್ಕೆ ಉಲ್ಟಾ ಥ್ರೆಡ್ ಇರುತ್ತದೆ, ಗೊತ್ತಿಲ್ಲದೆ ಪೈಪ್ ಹಾಕಿ ಎಳೆದು ಸ್ಟಡ್ ಮುರಿದವರನ್ನು ನೋಡಿದ್ದೇನೆ.

ಸ್ವಲ್ಪ ದೊಡ್ಡ ಟೈರ್ ಹಾಕಿಸೋಣ ಅಂತಲೂ ಆಸೆ ಇತ್ತು, 235/75. ಲೆಕ್ಕ ಹಾಕಿದೆವು. ನಮ್ಮದು 703 ಮಿಲಿಮೀಟರ್ ಎತ್ತರ, ಅದು 733. ಗಾಡಿ ಏಳುವುದು ಹದಿನೈದೇ ಮಿಲಿಮೀಟರ್. ಅಷ್ಟಕ್ಕೆ ಮೀಟರ್ 60 ತೋರಿಸಿದಾಗ ನಿಜವಾಗಿ 62ರ ಮೇಲೆ ಓಡುತ್ತಿರುತ್ತದೆ, ಏರಿನಲ್ಲಿ ಎಂಜಿನ್‌ಗೆ ಅಷ್ಟು ಭಾರ ಜಾಸ್ತಿ. ಬಿಟ್ಟೆ. ನಮ್ಮಂಥ ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆ ಇದೆ, ಮತ್ತೆ ಗಾಡಿಯನ್ನು ತಯಾರಕರು ಕೊಟ್ಟ ಮೂಲ ವಿವರ ಬಿಟ್ಟು ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಮೂಲ ಅಳತೆಯಲ್ಲೇ ಇದ್ದರೆ ಆರ್‌ಟಿಓ ಮುಂದೆ ನಿಂತು ವಾದ ಮಾಡುವ ಕೆಲಸ ಇರುವುದಿಲ್ಲ.

ಕೊನೆಗೆ ತಂದಿದ್ದು ಹೊಸ ಕಬ್ಬಿಣದ ರಿಮ್, ಮೂಲ ಅಳತೆಯದ್ದು, ಐದು. ಒಂದಕ್ಕೆ 2,900, ಒಟ್ಟು 14,500. ಐದು ಯಾಕೆ ಅಂದರೆ ಸ್ಟೆಪ್ನಿ ಬೇರೆ ಆಫ್‌ಸೆಟ್ ಇದ್ದರೆ ಪಂಚರ್ ಆದ ದಿನ ಗಾಡಿ ಒಂದು ಕಡೆ ಎಳೆಯುತ್ತದೆ, ಪಂಚರ್ ಆಗುವುದು ಲೋಡ್ ಇದ್ದಾಗಲೇ. ಕೊಡುವ ಮುಂಚೆ ಪ್ರತಿ ರಿಮ್ಮನ್ನೂ ಯಜಮಾನರು ಒಂದು ಬೆರಳಲ್ಲಿ ನೇತು ಹಿಡಿದು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಕಿವಿ ಕೊಟ್ಟರು. ನಾಲ್ಕು ರಿಮ್ಮು ದೇವಸ್ಥಾನದ ಗಂಟೆಯ ಹಾಗೆ ನಾದ ಬಿಟ್ಟವು. ಐದನೆಯದು ಸ್ವಲ್ಪ ಮಂಕಾಗಿ ಕೇಳಿಸಿತು. ನನಗೆ ವ್ಯತ್ಯಾಸ ಗೊತ್ತೇ ಆಗಲಿಲ್ಲ, ಅವರು ಮಾತಾಡದೆ ಅದನ್ನು ಪಕ್ಕಕ್ಕೆ ಇಟ್ಟು ಒಳಗಿನಿಂದ ಬೇರೆ ತಂದರು. ಟ್ಯೂಬ್‌ಲೆಸ್‌ಗೆ ಆಗುತ್ತಾ ಅಂತ ಕೇಳಿದ್ದಕ್ಕೆ ರಿಮ್ಮಿನ ಒಳಗೆ ನನ್ನ ಬೆರಳು ಹಿಡಿದು ಉಜ್ಜಿಸಿದರು, ಟೈರಿನ ಅಂಚು ಜಾರದ ಹಾಗೆ ಒಂದು ಸಣ್ಣ ದಿಣ್ಣೆ ಸುತ್ತಲೂ ಇದೆ, ಎಚ್2 ಅಂತ ಅಚ್ಚು ಇರುವುದು ಅದಕ್ಕೇ. ಹಳೆ ಟ್ಯೂಬ್ ರಿಮ್ಮಿನಲ್ಲಿ ಆ ದಿಣ್ಣೆ ಇರುವುದಿಲ್ಲ.

ಅಂಗಡಿಯ ಕೊರತೆಯನ್ನೂ ಹೇಳಬೇಕು. ಬ್ಯಾಲೆನ್ಸಿಂಗ್ ಮೆಷಿನ್ ಇಲ್ಲ, ಟೈರ್ ಕೂರಿಸಲು ಬೇರೆ ಕಡೆ ಹೋಗಬೇಕು. ಬಿಲ್ ಕೇಳಿ ಕೇಳಿ ತೆಗೆದುಕೊಳ್ಳಬೇಕು, ಗ್ಯಾರಂಟಿ ಬಾಯಿ ಮಾತಿನದು. ಮೊದಲೇ ಫೋನ್ ಮಾಡದೆ ಹೋದರೆ ಸರಕು ಇಲ್ಲದೇ ವಾಪಸ್ ಬರಬೇಕಾಗಬಹುದು, ನನಗೆ ಮೊದಲ ದಿನ ಮೂರೇ ಸಿಕ್ಕಿದ್ದು, ಉಳಿದ ಎರಡಕ್ಕೆ ಹನ್ನೊಂದು ದಿನ ಕಾದು ಇನ್ನೊಮ್ಮೆ ಹಾಸನಕ್ಕೆ ಹೋದೆ. ಡೀಸೆಲ್ ಸೇರಿಸಿದರೆ ಖರ್ಚು ಸ್ವಲ್ಪ ಏರಿತು. ಕೂರಲು ಒಂದು ಸ್ಟೂಲೂ ಇಲ್ಲ, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ.

ಟೈರ್ ಹೊಸದು ತಂದಿದ್ದು ಬೇರೆ ಅಂಗಡಿಯಿಂದ. ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ ತೆಗೆದುಕೊಳ್ಳಿ, 2325 ಅಂದರೆ 2025ರ 23ನೇ ವಾರ ತಯಾರಾದದ್ದು. ಹಾಕಿಸುವಾಗ ಯಜಮಾನರು ಹೇಳಿದ ಹಾಗೆ ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿಸಿದೆ. ನಟ್ಟನ್ನು ಒಂದಾದ ಮೇಲೆ ಪಕ್ಕದ್ದು ಅಂತ ಅಲ್ಲ, ಒಂದು ಬಿಟ್ಟು ಒಂದು, ನಕ್ಷತ್ರ ಬರೆದ ಹಾಗೆ ಬಿಗಿಸಬೇಕು. ಚಕ್ರ ನೆಲದಿಂದ ಎದ್ದಿರುವಾಗ ಅರ್ಧ, ಇಳಿಸಿದ ಮೇಲೆ ಪೂರ್ತಿ. ಐವತ್ತು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ. ನಾನು ಚಿಕ್ಕಮಗಳೂರಿನಲ್ಲಿ ನಿಲ್ಲಿಸಿ ನೋಡಿದೆ, ಮೂರು ನಟ್ ಕಾಲು ಸುತ್ತು ತೆಗೆದುಕೊಂಡವು. ಆಮೇಲೆ ಇವತ್ತಿನ ತನಕ ಒಂದೂ ಅಲ್ಲಾಡಿಲ್ಲ.

ಕೊಯ್ಲಿನಲ್ಲಿ ವಾರಕ್ಕೆ ಎರಡು ಮೂರು ಟ್ರಿಪ್ ಲೋಡ್ ಹೋಗಿದೆ. ಗಾಳಿ ತಿಂಗಳಿಗೊಮ್ಮೆ ನೋಡಿದರೆ ಸಾಕು. ಹೋದ ವಾರ, ಮಳೆ ಶುರುವಾಗುವ ಮುಂಚೆ, ನಾಲ್ಕೂ ಚಕ್ರ ಕಳಚಿಸಿ ನೋಡಿದೆ. ನಟ್ ಕೂತ ಜಾಗ ಐದೂ ಕಡೆ ಒಂದೇ ಸಮ ಬೆಳ್ಳಗೆ ಹೊಳೆಯುತ್ತಿದೆ, ತೂತು ದುಂಡಗೇ ಇದೆ. ಈಗ ಗೊಬ್ಬರ ಇಳಿಸಿದ ದಿನ ಸಂಜೆಯೇ ಪೈಪ್ ಹಿಡಿದು ರಿಮ್ಮಿನ ಒಳಗೆ ಹೊರಗೆ ತೊಳೆಯುತ್ತೇವೆ, ಎಷ್ಟೇ ಮಳೆ ಇದ್ದರೂ.

ಹಳೆ ರಿಮ್ಮುಗಳನ್ನು ಗುಜರಿಗೆ ಹಾಕಿದೆ. ಬಿರುಕು ಬಿಟ್ಟಿದ್ದನ್ನೂ ಆ ಬಣ್ಣ ಹೊಡೆದ ಎರಡನ್ನೂ ಮಾತ್ರ ಹಾಗೇ ಕೊಡಲಿಲ್ಲ. ವೆಲ್ಡಿಂಗ್ ಅಂಗಡಿಗೆ ಒಯ್ದು, ನನ್ನ ಕಣ್ಣೆದುರೇ ನಡುವೆ ಕತ್ತರಿಸಿ ಎರಡೆರಡು ಹೋಳು ಮಾಡಿಸಿ, ಆಮೇಲೆ ತೂಕಕ್ಕೆ ಹಾಕಿದೆ.